ಎರಡನೇ ಭಾಗ ಬರೀ ಮಾತು ಅಂತಾರೆ, ನಮ್ಮ ಜಗಲಿಯಲ್ಲಿ ಹಾಕಲಾ?

ಕೇಳಿದವರು, ಹೊಸನಗರದ ಹತ್ತಿರದ ಹಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ನಿಮ್ಮ ಅನುಭವ ಬೇಕಿತ್ತು. ನಮ್ಮ ಊರಲ್ಲಿ ಹನ್ನೆರಡು ಹದಿಮೂರು ಜನ ಸೇರಿ ತಿಂಗಳಿಗೊಂದು ಸಿನಿಮಾ ನೋಡುತ್ತೇವೆ. ನಮ್ಮ ಮನೆಯ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರ್ ಇಟ್ಟುಕೊಳ್ಳುತ್ತೇವೆ. ಕಾಲೇಜು ಹುಡುಗರು ಇದ್ದಾರೆ, ನಮ್ಮಲ್ಲಿ ಅಡಿಕೆ ಸುಲಿಯಲು ಬರುವ ಇಬ್ಬರು ಅಕ್ಕಂದಿರು ಇದ್ದಾರೆ, ಅಮ್ಮನೂ ಕೂರುತ್ತಾರೆ. ಹೋದ ತಿಂಗಳು ಕ್ವೆಂಟಿನ್ ಟರಾಂಟಿನೊ ಅವರ ‘ಕಿಲ್ ಬಿಲ್’ ಮೊದಲ ಭಾಗ ಹಾಕಿದ್ದೆ. ಮದುವೆಗೆ ನಿಂತಿದ್ದ ಬಸುರಿ ಹೆಂಗಸಿನ ತಲೆಗೆ ಗುಂಡು ಹೊಡೆಯುತ್ತಾರೆ. ನಾಲ್ಕು ವರ್ಷ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದವಳು ಎದ್ದು, ಹೊಡೆದವರನ್ನು ಒಬ್ಬೊಬ್ಬರಾಗಿ ಹುಡುಕಿಕೊಂಡು ಹೋಗುತ್ತಾಳೆ. ಕೊನೆಯ ಕತ್ತಿ ಕಾಳಗ ಬಂದಾಗ ಜಗಲಿಯಲ್ಲಿ ಒಬ್ಬರೂ ಅಲುಗಾಡಲಿಲ್ಲ. ಮುಗಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ, ಎರಡನೇದು ಯಾವಾಗ?

ಎರಡನೇ ಭಾಗವನ್ನು ಮೊನ್ನೆ ನಾನೊಬ್ಬನೇ ಕೂತು ನೋಡಿದೆ. ನನಗೆ ಇಷ್ಟವಾಯಿತು. ಆದರೆ ಇದು ಬೇರೆಯದೇ ಸಿನಿಮಾ. ಕಾಳಗ ಕಡಿಮೆ, ಮಾತು ಜಾಸ್ತಿ. ಶಿವಮೊಗ್ಗದಲ್ಲಿ ಓದುವ ನನ್ನ ತಮ್ಮ, ‘ಅಣ್ಣ, ಅದನ್ನು ಹಾಕಬೇಡ, ಅರ್ಧಕ್ಕೇ ಎದ್ದು ಹೋಗುತ್ತಾರೆ’ ಅನ್ನುತ್ತಾನೆ. ನೋಡಿದವರು ಹೇಳಿ. ಹಾಕಲಾ, ಬೇಡವಾ? ಹಾಕಿದರೆ ಹೇಗೆ ಹಾಕಲಿ? ಮಕ್ಕಳನ್ನು ಕೂರಿಸಬಹುದಾ? ನಾನು ನೋಡಿ ಆಗಿದೆ, ಕತೆ ಬಿಟ್ಟುಕೊಟ್ಟು ಬರೆದರೂ ಪರವಾಗಿಲ್ಲ.

ಶಿವಮೊಗ್ಗ, ವಿನೋಬನಗರದಿಂದ

ನಿಮ್ಮ ತಮ್ಮ ಹೇಳಿದ್ದರಲ್ಲಿ ನಿಜ ಇದೆ. ನಾನು ಹಾಗೆ ಎದ್ದು ಹೋದವನೇ.

ಹಾಸ್ಟೆಲ್‌ನಲ್ಲಿದ್ದಾಗ ಒಬ್ಬನ ಕಂಪ್ಯೂಟರ್‌ನಲ್ಲಿ ಎರಡೂ ಭಾಗವನ್ನು ಒಂದೇ ರಾತ್ರಿ ಹಾಕಿದ್ದೆವು. ಮೊದಲನೇದು 111 ನಿಮಿಷ, ಎರಡನೇದು 137 ನಿಮಿಷ. ಸೇರಿಸಿದರೆ ನಾಲ್ಕು ಗಂಟೆ ದಾಟುತ್ತದೆ. ಮೊದಲನೇದು ಮುಗಿದಾಗ ನಮಗೆ ಮೈಯೆಲ್ಲ ಬಿಸಿ. ಜಪಾನಿನ ಆ ಮನೆಯಲ್ಲಿ ‘ಕ್ರೇಜಿ 88’ ಅನ್ನುವ ಗುಂಪನ್ನೇ ಒಬ್ಬಳು ಕಡಿದು ಹಾಕಿದ್ದಾಳೆ. ಇನ್ನು ಮುಂದೆ ಇದಕ್ಕಿಂತ ದೊಡ್ಡದು ಬರುತ್ತದೆ ಅಂತ ಕಾದೆವು. ಬಂದದ್ದು ಏನು? ಮರಳುಗಾಡಿನಲ್ಲಿ ನಿಲ್ಲಿಸಿದ ಒಂದು ಹಳೇ ಟ್ರೇಲರ್ ಮನೆ. ಕತ್ತಿ ಹಿಡಿದು ಬಾಗಿಲು ತೆರೆದ ಕೂಡಲೇ ಒಳಗಿಂದ ಕೋವಿ ಹಾರಿತು. ಎದೆಗೆ ಕಲ್ಲುಪ್ಪಿನ ತೋಟಾ ತಿಂದು ಅವಳು ಬಿದ್ದಳು. ಕಾಳಗವೇ ಇಲ್ಲ. ಹೊಡೆದವನು ಬಡ್, ಅವಳ ತಲೆಗೆ ಗುಂಡು ಹೊಡೆದ ಬಿಲ್‌ನ ತಮ್ಮ. ಕೆಲಸ ಅಂದರೆ ಕ್ಲಬ್ಬಿನಲ್ಲಿ ಬಾಗಿಲು ಕಾಯುವುದು, ಮಾಲೀಕನ ಹತ್ತಿರ ಬೈಸಿಕೊಳ್ಳುವುದು. ಇವನ ಕೈಯಲ್ಲಿ ಇವಳು ಸೋಲುವುದಾ ಅಂತ ಸಿಟ್ಟು ಬಂದು ನಾನು ಮಲಗಲು ಹೋದೆ.

ಏಳೆಂಟು ವರ್ಷ ಆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಎರಡನೇದನ್ನು ಮಾತ್ರ ನೋಡಿದೆ. ಅದೇ ಬಡ್ ಈಗ ನನಗೆ ಬಹಳ ಹಿಡಿಸಿದ. ತಾನು ಮಾಡಿದ್ದು ತಪ್ಪು ಅಂತ ಒಪ್ಪಿಕೊಂಡಿರುವವನು ಬಿಲ್‌ನ ಗುಂಪಿನಲ್ಲಿ ಅವನೊಬ್ಬನೇ. ಅವಳು ಬಂದು ಕೇಳುವುದು ನ್ಯಾಯ ಅಂತ ಅಣ್ಣನ ಎದುರಿಗೇ ಹೇಳುತ್ತಾನೆ. ಹೇಳಿಯೂ ಕೋವಿ ತುಂಬಿಸಿಟ್ಟುಕೊಳ್ಳುತ್ತಾನೆ. ಆ ಪಾತ್ರ ಮಾಡಿದ ಮೈಕಲ್ ಮ್ಯಾಡ್ಸನ್ 2025ರಲ್ಲಿ ತೀರಿಕೊಂಡರು. ಸುದ್ದಿ ಓದಿದ ದಿನ ಮತ್ತೆ ಬರೀ ಆ ಭಾಗವನ್ನು ನೋಡಿದೆ.

ಹಾಗಾಗಿ ಹಾಕಿ. ಒಂದೇ ರಾತ್ರಿ ಎರಡೂ ಬೇಡ, ಅಷ್ಟೇ. ನೀವು ಹೇಗೂ ತಿಂಗಳ ಅಂತರ ಇಟ್ಟಿದ್ದೀರಿ, ಅದು ಒಳ್ಳೆಯದೇ ಆಯಿತು.

ಸಾಗರದಿಂದ

ಹಾಕಿ ಮಾರಾಯ್ರೆ, ಖಂಡಿತ ಹಾಕಿ. ಅದಕ್ಕೂ ಮೊದಲು ನಿಮ್ಮ ಗುಂಪಿನಲ್ಲಿ ತಾಳಮದ್ದಲೆ ಕೇಳಿ ಬೆಳೆದವರು ಎಷ್ಟು ಜನ ಇದ್ದಾರೆ ಎಣಿಸಿ. ನನ್ನ ಉತ್ತರ ಅಲ್ಲೇ ಇದೆ.

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ನಮ್ಮ ಕಡೆ ಜಗಲಿ ಜಗಲಿಯಲ್ಲಿ ತಾಳಮದ್ದಲೆ ನಡೆಯುತ್ತದಲ್ಲ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಗದಾಯುದ್ಧ ಪ್ರಸಂಗದಲ್ಲಿ ಗದೆಯೇ ಇರುವುದಿಲ್ಲ. ಆದರೂ ಭೀಮ ಕೌರವರ ಮಾತು ಬಿಸಿಯಾದಾಗ ಕೂತವರ ಬೆನ್ನು ನೆಟ್ಟಗಾಗುತ್ತದೆ. ವಾಲಿವಧೆ ನೋಡಿ. ಬಾಣ ನೆಟ್ಟ ಮೇಲೇ ಅದರ ತಿರುಳು ಶುರುವಾಗುವುದು. ಬಿದ್ದ ವಾಲಿ ಏಳಲಾರ. ಆದರೆ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುವುದನ್ನು ಬಿಡುವುದಿಲ್ಲ. ಆ ಪ್ರಶ್ನೆ, ಅದಕ್ಕೆ ಉತ್ತರ, ಉತ್ತರಕ್ಕೆ ಮತ್ತೆ ಪ್ರಶ್ನೆ. ಗಂಟೆಗಟ್ಟಲೆ ಕೂತು ಕೇಳುವವರು ನಾವು.

ಈ ಸಿನಿಮಾದ ಮೊದಲ ಭಾಗ ಬಯಲಾಟ. ಚೆಂಡೆ ಅಬ್ಬರ, ಬಣ್ಣ, ಪ್ರವೇಶ, ಸುತ್ತು ಬಲಿ, ಎಲ್ಲ ಇದೆ. ಎರಡನೇದು ತಾಳಮದ್ದಲೆ. ಇದನ್ನು ಮೊದಲೇ ಹೇಳಿ ಕೂರಿಸಿದರೆ ನಿಮ್ಮ ಜನ ಏಳುವುದಿಲ್ಲ.

ನನ್ನ ಅನುಭವ ಹೇಳುತ್ತೇನೆ. ಅಪ್ಪ ಮತ್ತು ಅವರ ಇಬ್ಬರು ಸ್ನೇಹಿತರಿಗೆ ಇದನ್ನು ತೋರಿಸಿದ್ದೆ. ಮೂವರೂ ಅರ್ಥ ಹೇಳುವವರು. ಶುರುವಿನಲ್ಲೇ ಪ್ರಾರ್ಥನಾ ಮಂದಿರದ ದೃಶ್ಯ ಬರುತ್ತದೆ, ಕಪ್ಪು ಬಿಳುಪಿನಲ್ಲಿ. ಮದುವೆಯ ತಾಲೀಮು ನಡೆಯುತ್ತಿದೆ. ಹೊರಗೆ ಕೊಳಲಿನ ಸದ್ದು. ಮದುಮಗಳು ಬಂದು ನೋಡಿದರೆ ಬಿಲ್ ಜಗಲಿಯಲ್ಲಿ ಕೂತು ನುಡಿಸುತ್ತಿದ್ದಾನೆ. ಇಬ್ಬರೂ ಮೆತ್ತಗೆ ಮಾತಾಡುತ್ತಾರೆ. ಅವನು ಬೈಯುವುದಿಲ್ಲ, ಹೆದರಿಸುವುದೂ ಇಲ್ಲ. ಒಳಗೆ ಬಂದು ಮದುಮಗನನ್ನೂ ಮಾತಾಡಿಸುತ್ತಾನೆ. ಏನಾಗಲಿದೆ ಅಂತ ನಮಗೆ ಗೊತ್ತು, ಮೊದಲ ಭಾಗದಲ್ಲೇ ಗೊತ್ತಾಗಿದೆ. ಆದ್ದರಿಂದ ಒಂದೊಂದು ಒಳ್ಳೆಯ ಮಾತೂ ಚುಚ್ಚುತ್ತದೆ. ಆಮೇಲೆ ನಾಲ್ವರು ಬಂದೂಕು ಹಿಡಿದು ಬಾಗಿಲಿಗೆ ಬರುತ್ತಾರೆ. ಆಗ ಕ್ಯಾಮೆರಾ ಹಿಂದೆ ಹಿಂದೆ ಸರಿದು ದೂರ ನಿಲ್ಲುತ್ತದೆ. ಗುಂಡಿನ ಸದ್ದು ಮಾತ್ರ ಕೇಳುತ್ತದೆ, ಹೆಣ ಬೀಳುವುದು ಕಾಣುವುದಿಲ್ಲ. ಅಪ್ಪ ಆಗ ನೆಟ್ಟಗೆ ಕೂತವರು ಕೊನೆಯವರೆಗೂ ಹಿಂದಕ್ಕೆ ಒರಗಲಿಲ್ಲ. ಮೊದಲ ಭಾಗದಲ್ಲಿ ರಕ್ತವನ್ನು ಕಾರಂಜಿಯಂತೆ ಚಿಮ್ಮಿಸಿದ ನಿರ್ದೇಶಕರು ಕತೆಯ ಎಲ್ಲಕ್ಕಿಂತ ದೊಡ್ಡ ಕೊಲೆಯನ್ನು ಕಣ್ಣಿಗೆ ತೋರಿಸಲೇ ಇಲ್ಲ!

ಇನ್ನೊಂದು ಲೆಕ್ಕ ಹಾಕಿ ನೋಡಿ. ಎರಡನೇ ಭಾಗದಲ್ಲಿ ಆ ಹೆಂಗಸಿನ ಕೈಯಲ್ಲಿ ಸಾಯುವವರು ಎಷ್ಟು ಜನ? ಒಬ್ಬ. ಬಿಲ್ ಮಾತ್ರ. ಬಡ್ ಸಾಯುವುದು ಬೇರೆಯವಳು ತಂದ ಹಾವಿನಿಂದ. ಆ ಬೇರೆಯವಳನ್ನು, ಬಿಲ್‌ನ ಗುಂಪಿನ ಎಲ್ ಡ್ರೈವರ್‌ಳನ್ನು, ಇವಳು ಕುರುಡಿ ಮಾಡಿ ಬಿಟ್ಟು ಹೋಗುತ್ತಾಳೆ. ಇಡೀ ಸಿನಿಮಾ ಒಂದು ಸಾವಿನ ಕಡೆಗೆ ನಡೆಯುತ್ತದೆ. ಅದೂ ಹೇಗೆ? ಕೊನೆಯ ಅಧ್ಯಾಯದಲ್ಲಿ ಬಿಲ್‌ನ ಮನೆಗೆ ಹೋದರೆ ಸತ್ತಿದೆ ಅಂದುಕೊಂಡಿದ್ದ ಮಗಳು ಆಟದ ಪಿಸ್ತೂಲು ಹಿಡಿದು ನಿಂತಿದ್ದಾಳೆ. ಬಿಲ್ ಅಡುಗೆಮನೆಯಲ್ಲಿ ದೊಡ್ಡ ಚಾಕು ಹಿಡಿದು ಮಗಳಿಗೆ ಬ್ರೆಡ್ಡಿನ ಅಂಚು ಕತ್ತರಿಸುತ್ತಾನೆ. ನಮ್ಮ ಕಣ್ಣು ಆ ಚಾಕುವಿನ ಮೇಲೇ ಇರುತ್ತದೆ. ಮಗುವನ್ನು ಮಲಗಿಸಿದ ಮೇಲೆ ಮಾತಿಗೆ ಕೂರುತ್ತಾರೆ. ನಿಜ ಹೇಳಿಸುವ ಮದ್ದನ್ನು ಅವಳ ಮೈಗೆ ಹೊಡೆದು, ಸೂಪರ್‌ಮ್ಯಾನ್ ಕತೆ ತೆಗೆಯುತ್ತಾನೆ. ಬೇರೆ ವೀರರು ಹುಟ್ಟಿನಿಂದ ಸಾಮಾನ್ಯರು, ಬಟ್ಟೆ ಹಾಕಿಕೊಂಡು ವೀರರಾಗುತ್ತಾರೆ. ಸೂಪರ್‌ಮ್ಯಾನ್ ಹುಟ್ಟಿನಿಂದಲೇ ಸೂಪರ್‌ಮ್ಯಾನ್, ಕನ್ನಡಕ ಹಾಕಿಕೊಂಡ ಪತ್ರಕರ್ತನೇ ಅವನ ವೇಷ. ನೀನೂ ಹಾಗೆ, ಸಂಸಾರಸ್ಥೆಯ ವೇಷ ಹಾಕಿದರೂ ನೀನು ಕೊಲೆಗಾರ್ತಿಯೇ ಅನ್ನುವುದು ಅವನ ವಾದ. ಎಂಥ ಅರ್ಥಗಾರಿಕೆ ಅದು! ಅಪ್ಪನ ಸ್ನೇಹಿತರೊಬ್ಬರು ‘ಇವನು ಒಳ್ಳೆ ಅರ್ಥಧಾರಿ’ ಅಂದರು. ಬಿಲ್ ಪಾತ್ರದ ಡೇವಿಡ್ ಕ್ಯಾರಡೈನ್ 1970ರ ದಶಕದಲ್ಲಿ ಅಮೆರಿಕದ ಟಿವಿಯಲ್ಲಿ ಶಾವೊಲಿನ್ ಸನ್ಯಾಸಿಯ ಪಾತ್ರದಿಂದ ಮನೆಮಾತಾದವರು. ಅವರ ದನಿಯೇ ಅರ್ಧ ಸಿನಿಮಾ.

ಕಾಳಗ? ಮೇಜಿನ ಎರಡು ಬದಿ ಕುರ್ಚಿಯಲ್ಲಿ ಕೂತಲ್ಲೇ, ಕೆಲವೇ ಕ್ಷಣ. ಅವನ ಕತ್ತಿಯನ್ನು ಅವಳು ತನ್ನ ಒರೆಯಲ್ಲಿ ಹಿಡಿಯುತ್ತಾಳೆ. ಹೃದಯ ಒಡೆಯುವ ಐದು ಬೆರಳ ಏಟು. ಅವನು ಬಾಯಿ ಒರೆಸಿಕೊಂಡು, ಎದ್ದು, ಐದು ಹೆಜ್ಜೆ ನಡೆದು ಬೀಳುತ್ತಾನೆ. ಪ್ರಸಂಗ ಮುಗಿಯಿತು.

ಭದ್ರಾವತಿಯಿಂದ, ಇಬ್ಬರು ಮಕ್ಕಳ ತಾಯಿ

ಮಕ್ಕಳನ್ನು ಕೂರಿಸಬೇಡಿ. ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ.

ಮೊದಲ ಭಾಗದಷ್ಟು ರಕ್ತ ಇಲ್ಲ ಅಂತ ನಾವು ಒಂಬತ್ತು ವರ್ಷದ ಮಗನನ್ನು ಕೂರಿಸಿಕೊಂಡೆವು. ರಕ್ತಕ್ಕೆ ಅವನು ಹೆದರಲಿಲ್ಲ. ಜೀವಂತ ಹೂಳುವ ದೃಶ್ಯಕ್ಕೆ ಹೆದರಿದ. ಕೈಕಾಲು ಕಟ್ಟಿ ಪೆಟ್ಟಿಗೆಯಲ್ಲಿ ಮಲಗಿಸಿ, ಮೊಳೆ ಹೊಡೆದು, ಮೇಲೆ ಮಣ್ಣು ಹಾಕುತ್ತಾರೆ. ಒಳಗೆ ಅವಳ ಉಸಿರಿನ ಸದ್ದು. ಎಷ್ಟೋ ರಾತ್ರಿ ಲೈಟ್ ಹಾಕಿಕೊಂಡೇ ಮಲಗಿದ. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಲೇ ಇರಲಿಲ್ಲ. ಕಣ್ಣು ಕೀಳುವ ದೃಶ್ಯವೂ ಇದೆ. ದೊಡ್ಡವರಿಗೇ ಕಷ್ಟ.

ಸಿನಿಮಾ ಬಗ್ಗೆ ಹೇಳುವುದಾದರೆ, ನನಗೆ ಇದು ತಾಯಿಯ ಕತೆ. ನಾಯಕಿ ಪಾತ್ರದ ಊಮಾ ಥರ್ಮನ್ ಬಸುರಿಯಾದರು ಅಂತ ಚಿತ್ರೀಕರಣವನ್ನೇ ಮುಂದೆ ಹಾಕಿ ಕಾದರು ಟರಾಂಟಿನೊ. ಆ ಪಾತ್ರವನ್ನು ಇಬ್ಬರೂ ಸೇರಿ ಹುಟ್ಟಿಸಿದ್ದು ಅಂತ ಸಿನಿಮಾದ ಹೆಸರುಪಟ್ಟಿಯಲ್ಲೇ ಬರುತ್ತದೆ. ಹೆತ್ತು ಹೆಚ್ಚು ದಿನ ಆಗಿರದ ಹೆಂಗಸು ಆ ಪಾತ್ರ ಮಾಡಿದ್ದು ಅನ್ನುವುದು ಮಗಳನ್ನು ಮೊದಲ ಸಲ ನೋಡುವ ದೃಶ್ಯದಲ್ಲಿ ನನಗೆ ನೆನಪಾಗುತ್ತದೆ. ಕೈಯಲ್ಲಿ ಕತ್ತಿ, ಪಿಸ್ತೂಲು ಎಲ್ಲ ಇದೆ. ಮಗು ಆಟದ ಗುಂಡು ಹಾರಿಸಿ ಸಾಯಿ ಅಂದರೆ ಸತ್ತಂತೆ ಬೀಳಬೇಕು. ಬೀಳುತ್ತಾಳೆ. ಅಳು ತಡೆದುಕೊಂಡು ಬೀಳುತ್ತಾಳೆ.

ಇನ್ನೊಂದು ವಿಷಯ. ಮೊದಲ ಭಾಗದಲ್ಲಿ ಇವಳು ಒಬ್ಬ ತಾಯಿಯನ್ನು ಅವಳ ಅಡುಗೆಮನೆಯಲ್ಲೇ ಕೊಲ್ಲುತ್ತಾಳೆ. ಆ ತಾಯಿಯ ಮಗಳು ನಿಕ್ಕಿ, ನಾಲ್ಕು ವರ್ಷದವಳು, ಬಾಗಿಲಲ್ಲಿ ನಿಂತು ನೋಡುತ್ತಾಳೆ. ಅಲ್ಲಿ ನಾವೆಲ್ಲ ಬೇಗ ಮುಂದೆ ಹೋಗಿಬಿಡುತ್ತೇವೆ. ಎರಡನೇ ಭಾಗದಲ್ಲಿ ಇವಳ ಮಗಳು ಸಿಕ್ಕಾಗ ಅವಳಿಗೂ ಅದೇ ವಯಸ್ಸು. ನನಗೆ ಆಗ ನಿಕ್ಕಿ ನೆನಪಾಗಿ ಖುಷಿಪಡಲು ಆಗಲಿಲ್ಲ. ಭಾಗವತದಲ್ಲಿ ದ್ರೌಪದಿ ತನ್ನ ಐದು ಮಕ್ಕಳನ್ನು ಕೊಂದ ಅಶ್ವತ್ಥಾಮನನ್ನು ಬಿಟ್ಟುಬಿಡಿ ಅನ್ನುತ್ತಾಳೆ. ನಾನು ಅಳುವ ಹಾಗೆ ಇವನ ತಾಯಿಯೂ ಅಳುವುದು ಬೇಡ ಅಂತ. ಈ ಸಿನಿಮಾದಲ್ಲಿ ಆ ಮಾತು ಆಡುವವರು ಯಾರೂ ಇಲ್ಲ.

ಕೊಪ್ಪದಿಂದ

ಭದ್ರಾವತಿ ಅಕ್ಕ ಬರೆದದ್ದಕ್ಕೆ ನನ್ನದೂ ಸೇರಿಸುತ್ತೇನೆ. ನನಗೆ ಎರಡನೇ ಭಾಗ ಹಿಡಿಸಲಿಲ್ಲ. ಮಾತು ಜಾಸ್ತಿ ಅಂತ ಅಲ್ಲ, ಆ ಮಾತುಗಳಲ್ಲಿ ಚಂದದ್ದೆಲ್ಲ ಬಿಲ್‌ಗೆ ಸಿಕ್ಕಿದೆ ಅಂತ. ಬಸುರಿಯ ತಲೆಗೆ ಗುಂಡು ಹೊಡೆದವನು. ಅವನ ಕೈಯಲ್ಲಿ ಕೊಳಲು, ಅವನ ಮಡಿಲಲ್ಲಿ ಮಗಳು, ಅವನ ಬಾಯಲ್ಲಿ ತತ್ವ. ಕೊನೆಗೆ ಅವನು ಬೀಳುವಾಗ ನಮ್ಮ ಮನೆಯಲ್ಲಿ ಇಬ್ಬರು ‘ಪಾಪ’ ಅಂದರು. ನನಗೆ ಅದು ಸರಿ ಕಾಣಲಿಲ್ಲ.

ಅವಳು ನೀಲಿ ಕಾರಿನಲ್ಲಿ ಬಿಲ್‌ನ ಮನೆಗೆ ಹೋಗುವ ದೃಶ್ಯ ಇದೆಯಲ್ಲ, ಅದರ ಚಿತ್ರೀಕರಣದಲ್ಲಿ ಕಾರು ಮರಕ್ಕೆ ಗುದ್ದಿ ಊಮಾ ಥರ್ಮನ್ ಅವರ ಕುತ್ತಿಗೆಗೆ, ಮಂಡಿಗೆ ಪೆಟ್ಟಾಯಿತು. ಅವರು 2018ರಲ್ಲಿ ಪತ್ರಿಕೆಗೆ ಹೇಳಿಕೊಂಡರು. ತಾನು ಓಡಿಸುವುದಿಲ್ಲ ಅಂತ ಹೇಳಿದ್ದರೂ ಓಡಿಸುವಂತೆ ಮಾಡಿದರು ಅಂತ. ಟರಾಂಟಿನೊ ಆಮೇಲೆ ಪಶ್ಚಾತ್ತಾಪ ಪಟ್ಟರು. ಗೊತ್ತಾದ ಮೇಲೆ ಆ ದೃಶ್ಯ ನನಗೆ ಮೊದಲಿನ ಹಾಗೆ ಕಾಣುವುದಿಲ್ಲ. ನೀವು ತೋರಿಸಿ, ಬೇಡ ಅನ್ನುವುದಿಲ್ಲ. ತೋರಿಸಿದ ಮೇಲೆ ಹೆಂಗಸರು ಏನು ಹೇಳುತ್ತಾರೆ ಅಂತ ಮೊದಲು ಕೇಳಿ.

ಸಾಗರದಿಂದ, ಮತ್ತೆ

ಕೊಪ್ಪದವರು ಹೇಳಿದ್ದು ಯೋಚಿಸುವ ಮಾತು. ಅರ್ಥಧಾರಿ ಗೆದ್ದ ಅಂತ ಪಾತ್ರದ ತಪ್ಪು ಇಲ್ಲವಾಗುವುದಿಲ್ಲ. ಕೌರವನ ಅರ್ಥ ಎಷ್ಟೇ ಚೆನ್ನಾಗಿ ಹೇಳಿದರೂ ತೊಡೆ ಮುರಿಯಲೇಬೇಕು. ಆದರೆ ಆ ಹೆಂಗಸಿಗೆ ಇನ್ನೂ ಎರಡು ಮಾತು ಜಾಸ್ತಿ ಕೊಡಬೇಕಿತ್ತು ಅನ್ನುವುದನ್ನು ನಾನೂ ಒಪ್ಪುತ್ತೇನೆ.

ಶಿವಮೊಗ್ಗದಿಂದ, ಕರಾಟೆ ಕಲಿಸುವವರು

ನಾನು ಹದಿನೈದು ವರ್ಷದಿಂದ ಮಕ್ಕಳಿಗೆ ಕರಾಟೆ ಕಲಿಸುತ್ತಿದ್ದೇನೆ. ನನ್ನ ಹತ್ತಿರ ಬರುವ ದೊಡ್ಡ ಹುಡುಗರಿಗೆ ಈ ಸಿನಿಮಾದಲ್ಲಿ ನೆನಪಿರುವುದು ಒಂದೇ, ಪೈ ಮೇ ಗುರು. ಬಿಳಿ ಹುಬ್ಬು, ಬಿಳಿ ಗಡ್ಡ. ಗಡ್ಡ ನೀವಿ ಹಿಂದಕ್ಕೆ ಎಸೆಯುವ ರೀತಿ. ಆ ಅಧ್ಯಾಯದ ಬಗ್ಗೆ ನಿಮ್ಮ ಗುಂಪಿಗೆ ಮೊದಲೇ ಒಂದು ಮಾತು ಹೇಳಿ. ಇಲ್ಲದಿದ್ದರೆ ಕ್ಯಾಮೆರಾ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಮುಖದ ಹತ್ತಿರಕ್ಕೆ ಸರಕ್ಕನೆ ನುಗ್ಗುವ ಆ ಜೂಮ್, ಬಣ್ಣ, ಕೈ ಬೀಸಿದಾಗ ಬರುವ ದೊಡ್ಡ ಸದ್ದು, ಎಲ್ಲ ಬೇಕೆಂದೇ ಮಾಡಿದ್ದು. 1970ರ ದಶಕದಲ್ಲಿ ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸಂಸ್ಥೆ ತೆಗೆಯುತ್ತಿದ್ದ ಕುಂಗ್ ಫು ಸಿನಿಮಾಗಳ ಶೈಲಿ ಅದು. ಬಿಳಿ ಹುಬ್ಬಿನ ಆ ಗುರು ಅಂಥ ಸಿನಿಮಾಗಳಲ್ಲಿ ಖಳನಾಗಿ ಬರುತ್ತಿದ್ದ. ಪಾತ್ರ ಮಾಡಿದ ಗಾರ್ಡನ್ ಲಿಯು 1978ರಲ್ಲಿ ಶಾವೊಲಿನ್ ಮಠದ ಕಷ್ಟದ ತರಬೇತಿಯ ಕತೆಯೊಂದರಲ್ಲಿ ಶಿಷ್ಯನಾಗಿ ನಟಿಸಿ ಹೆಸರಾದವರು. ಇಲ್ಲಿ ಅವರೇ ಗುರು. ನೀವು ಹೋದ ತಿಂಗಳು ನೋಡಿದ ಮೊದಲ ಭಾಗದಲ್ಲೂ ಇದ್ದಾರೆ, ಮುಖವಾಡ ಹಾಕಿದ ಆ ಗುಂಪಿನ ನಾಯಕನಾಗಿ. ಹುಡುಗರಿಗೆ ಇದನ್ನು ಹೇಳಿದರೆ ಕಣ್ಣರಳಿಸಿ ನೋಡುತ್ತಾರೆ.

ಮೂರು ಇಂಚು ದೂರದಿಂದ ಮರದ ಹಲಗೆಗೆ ಗುದ್ದುವ ಅಭ್ಯಾಸ ಅಲ್ಲಿ ಬರುತ್ತದೆ. ಹೂಳಿದ ಪೆಟ್ಟಿಗೆಯಲ್ಲಿ ಅವಳನ್ನು ಉಳಿಸುವುದು ಅದೇ ಅಭ್ಯಾಸ. ಎಷ್ಟು ಚೆನ್ನಾಗಿ ಜೋಡಿಸಿದ್ದಾರೆ ನೋಡಿ. ಅವಳನ್ನು ಮಣ್ಣಿನ ಕೆಳಗೆ ಬಿಟ್ಟು ಕತೆ ಹಿಂದಕ್ಕೆ ಹೋಗುತ್ತದೆ, ಗುರುವಿನ ಮೆಟ್ಟಿಲು ಹತ್ತಿಸುತ್ತದೆ, ನೀರು ಹೊರಿಸುತ್ತದೆ, ಗೆಣ್ಣಲ್ಲಿ ರಕ್ತ ಬರುವವರೆಗೆ ಗುದ್ದಿಸುತ್ತದೆ, ಆಮೇಲೆ ಮತ್ತೆ ಪೆಟ್ಟಿಗೆಗೆ ಬರುತ್ತದೆ. ಅಭ್ಯಾಸ ಅಂದರೇನು ಅಂತ ನಾನು ತಿಂಗಳುಗಟ್ಟಲೆ ಹೇಳಿದ್ದನ್ನು ಆ ಇಪ್ಪತ್ತು ಮೂವತ್ತು ನಿಮಿಷ ತೋರಿಸಿಬಿಡುತ್ತದೆ.

ಆದರೆ ನೋಡಿದ ವಾರ ನನ್ನ ಒಬ್ಬ ಹುಡುಗ ಊದಿದ ಗೆಣ್ಣಿನ ಜೊತೆ ಬಂದ. ಮನೆಯ ಗೋಡೆಗೆ ಗುದ್ದಿದ್ದ. ಗೋಡೆಗೆ, ಹಲಗೆಗೆ ಬರಿಗೈಯಲ್ಲಿ ಗುದ್ದಬಾರದು. ಬೆಳೆಯುವ ಮೂಳೆ, ಜೀವನಪೂರ್ತಿ ನೋವು ಉಳಿದುಬಿಡಬಹುದು. ಹಲಗೆ ಒಡೆಯುವುದನ್ನು ನಾವೂ ಕಲಿಸುತ್ತೇವೆ. ವರ್ಷಗಳಾದ ಮೇಲೆ, ತೆಳ್ಳನೆಯ ಹಲಗೆಯಿಂದ, ಪಕ್ಕದಲ್ಲಿ ನಿಂತು. ಹಾಗೆಯೇ ಶಿಷ್ಯರನ್ನು ಬೈದು ಹೊಡೆದು ಹೀಗಳೆದು ಕಲಿಸುವುದು ಸಿನಿಮಾಕ್ಕೆ ಸರಿ. ನಾನು ನನ್ನ ಮಕ್ಕಳ ಮೇಲೆ ಕೈ ಎತ್ತುವುದಿಲ್ಲ. ಹೃದಯ ಒಡೆಯುವ ಐದು ಬೆರಳ ಏಟು ಕೂಡ ಕತೆಯೇ. ಅದನ್ನು ಸಣ್ಣ ಹುಡುಗರಿಗೆ ಬಿಡಿಸಿ ಹೇಳಿ.

ಕಾಳಗ ಕಡಿಮೆ ಅನ್ನುವವರಿಗೆ ಟ್ರೇಲರ್ ಒಳಗಿನ ಹೊಡೆದಾಟ ತೋರಿಸಿ. ನನಗೆ ಇಡೀ ಎರಡು ಭಾಗದಲ್ಲಿ ಅದೇ ಅತಿ ಇಷ್ಟ. ಕಾಳಗ ಕಟ್ಟಿಕೊಟ್ಟವರು ಯುವೆನ್ ವೂ ಪಿಂಗ್. ಜಾಗ ಎಷ್ಟು ಇಕ್ಕಟ್ಟು ಅಂದರೆ ಕತ್ತಿ ಎಳೆಯಲು ಹೋದರೆ ಗೋಡೆ ಅಡ್ಡ ಬರುತ್ತದೆ. ಇಬ್ಬರು ಎತ್ತರದ ಹೆಂಗಸರು ಕೈಗೆ ಸಿಕ್ಕಿದ್ದರಲ್ಲಿ ಹೊಡೆದಾಡುತ್ತಾರೆ. ಹಾರಾಟ ಇಲ್ಲ. ಮೈ ನೋಯುವುದು ನಮಗೂ ಗೊತ್ತಾಗುತ್ತದೆ.

ಆಗುಂಬೆಯಿಂದ

ಹಾವಿನ ವಿಷಯ ಮಾತ್ರ ನನ್ನದು.

ದುಡ್ಡಿನ ಸೂಟ್‌ಕೇಸ್‌ನಿಂದ ಬ್ಲ್ಯಾಕ್ ಮಾಂಬಾ ಹಾರಿ ಬಡ್‌ನ ಮುಖಕ್ಕೆ ಕಚ್ಚುತ್ತದೆ. ಅವನು ನೆಲದಲ್ಲಿ ಒದ್ದಾಡುತ್ತಿರುವಾಗ ಎಲ್ ಸಣ್ಣ ಪುಸ್ತಕ ತೆಗೆದು ಆ ಹಾವಿನ ವಿಷದ ಬಗ್ಗೆ ಓದುತ್ತಾಳೆ. ನಮ್ಮ ಮನೆಯಲ್ಲಿ ಅಲ್ಲಿ ಎಲ್ಲರೂ ಕಾಲು ಮೇಲೆ ಎತ್ತಿ ಕೂತರು. ಆ ಹಾವು ಆಫ್ರಿಕಾದ್ದು, ನಮ್ಮಲ್ಲಿ ಇಲ್ಲ. ಹೆಸರು ಕಪ್ಪು ಅಂತಿದ್ದರೂ ಮೈ ಬೂದು ಬಣ್ಣ, ಕಪ್ಪಾಗಿರುವುದು ಬಾಯಿಯ ಒಳಗೆ. ಮಾಂಬಾ ಕಚ್ಚಿದವರು ನಿಜದಲ್ಲಿ ಹಾಗೆ ಕ್ಷಣದಲ್ಲಿ ಸಾಯುವುದಿಲ್ಲ, ಬೇಗ ಆಸ್ಪತ್ರೆಗೆ ಹೋದರೆ ಉಳಿಯಬಹುದು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಮ್ಮಲ್ಲಿ ಕಾಳಿಂಗ ಇದೆ. ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಕಟ್ಟಿದ್ದೇ ಅದಕ್ಕಾಗಿ. ಕೊಟ್ಟಿಗೆಗೆ, ಬಚ್ಚಲಿಗೆ ಕಾಳಿಂಗ ಬಂದರೂ ನಮ್ಮ ಊರಿನವರು ಹೊಡೆಯುವುದಿಲ್ಲ. ಹಿಡಿಯುವವರಿಗೆ ಫೋನ್ ಮಾಡಿ, ಕಾದು, ಕಾಡಿಗೆ ಬಿಡಿಸುತ್ತಾರೆ. ಸಿನಿಮಾ ನೋಡಿದ ಹೆದರಿಕೆಯಲ್ಲಿ ಆ ಅಭ್ಯಾಸ ಕೆಡದಿರಲಿ. ಯಾವ ಹಾವು ಕಚ್ಚಿದರೂ ನೇರ ಆಸ್ಪತ್ರೆಗೆ. ಅಷ್ಟೇ ನನ್ನ ಮಾತು. ಸಿನಿಮಾ ಚೆನ್ನಾಗಿದೆ, ಹಾಕಿ.

ಕೇಳಿದವರು

ಇಷ್ಟೊಂದು ಬರೆದಿರಿ, ಬಹಳ ಉಪಕಾರವಾಯಿತು. ಮಕ್ಕಳಿಗೆ ಬೇಡ ಅಂತ ನಿರ್ಧರಿಸಿದೆ. ಈಗ ಒಂದೇ ತೊಡಕು. ಅಮ್ಮನಿಗೆ, ಆ ಅಕ್ಕಂದಿರಿಗೆ ಇಂಗ್ಲಿಷ್ ಬರುವುದಿಲ್ಲ. ಮೊದಲ ಭಾಗಕ್ಕೆ ಅದು ಅಡ್ಡಿಯಾಗಲಿಲ್ಲ, ಕಣ್ಣಲ್ಲೇ ಅರ್ಥವಾಯಿತು. ಇದು ಮಾತಿನ ಸಿನಿಮಾ. ಏನು ಮಾಡಲಿ?

ಹೆಗ್ಗೋಡಿನ ಹತ್ತಿರದಿಂದ, ಹಿರಿಯರೊಬ್ಬರು

ತಮ್ಮಾ, ಅದಕ್ಕೆ ಹೆದರಬೇಡ. ನಮ್ಮೂರಿನ ನೀನಾಸಂ 1949ರಲ್ಲಿ ಶುರುವಾದದ್ದು. 1973ರಲ್ಲಿ ಅಲ್ಲಿ ಚಿತ್ರಸಮಾಜ ಬಂತು. ಕೆ.ವಿ. ಸುಬ್ಬಣ್ಣನವರ ಕಾಲ. ತೋಟದ ಕೆಲಸ ಮುಗಿಸಿ ಬಂದವರು ಜಪಾನಿನ ಸಿನಿಮಾ, ರಷ್ಯಾದ ಸಿನಿಮಾ ನೋಡಿದ ಊರು ಇದು. ಯಾರಿಗೂ ಆ ಭಾಷೆ ಬರುತ್ತಿರಲಿಲ್ಲ. ಆಮೇಲೆ ಅದರ ಬಗ್ಗೆ ಜಗಳವಾಡುವಷ್ಟು ಅರ್ಥವಾಗುತ್ತಿತ್ತು.

ನಾನು ನಮ್ಮ ಮನೆಯಲ್ಲಿ ಮಾಡುವ ರೀತಿ ಹೇಳುತ್ತೇನೆ. ಸಾಲು ಸಾಲಿಗೆ ಅನುವಾದ ಮಾಡಲು ಹೋಗಬೇಡ. ನಿನ್ನ ದನಿ ಅವರ ದನಿಯನ್ನು ನುಂಗಿಬಿಡುತ್ತದೆ. ಈ ಸಿನಿಮಾ ಅಧ್ಯಾಯ ಅಧ್ಯಾಯವಾಗಿದೆ, ಒಂದೊಂದಕ್ಕೂ ಹೆಸರು ಬರುತ್ತದೆ. ಅದೇ ನಿನಗೆ ಅನುಕೂಲ. ಪ್ರತಿ ಅಧ್ಯಾಯದ ಮೊದಲು ನಿಲ್ಲಿಸಿ, ಯಾರು ಯಾರ ಹತ್ತಿರ ಏನು ಕೇಳಲು ಬಂದಿದ್ದಾರೆ ಅನ್ನುವುದನ್ನು ನಾಲ್ಕು ವಾಕ್ಯದಲ್ಲಿ ಹೇಳು. ಭಾಗವತರು ಪದ್ಯ ಹೇಳಿದ ಹಾಗೆ. ಆಮೇಲೆ ಬಿಟ್ಟುಬಿಡು. ಮುಖ ನೋಡಿ, ದನಿ ಕೇಳಿ ಅವರೇ ಹಿಡಿದುಕೊಳ್ಳುತ್ತಾರೆ. ಸೂಪರ್‌ಮ್ಯಾನ್ ಮಾತು ಮಾತ್ರ ಪೂರ್ತಿ ಮೊದಲೇ ಹೇಳಬೇಕು, ಅದು ತಿಳಿಯದಿದ್ದರೆ ಕೊನೆಯ ಅಧ್ಯಾಯ ಅರ್ಧವಾಗುತ್ತದೆ. ಗುರುವಿನ ಅಧ್ಯಾಯದಲ್ಲಂತೂ ಗುರು ಮಾತಾಡುವುದು ಚೀನಾದ ಕ್ಯಾಂಟನೀಸ್. ಅಲ್ಲಿ ಇಂಗ್ಲಿಷ್ ಬಲ್ಲವರೂ ನಿನ್ನ ಅಮ್ಮನೂ ಒಂದೇ.

ತೀರ್ಥಹಳ್ಳಿಯಿಂದ

ಸ್ವಲ್ಪ ಬೇರೆ ವಿಷಯ, ಆದರೆ ಬೇಕಾದದ್ದು. ಇದನ್ನು ಮಳೆಗಾಲದಲ್ಲಿ ಹಾಕಬೇಡಿ. ನಾವು ಆಷಾಢದಲ್ಲಿ ಹಾಕಿ ಕೈ ಸುಟ್ಟುಕೊಂಡೆವು. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಕತ್ತಿಯ ಸದ್ದು ಕೇಳುತ್ತದೆ, ಮೆತ್ತಗಿನ ಮಾತು ಕೇಳುವುದಿಲ್ಲ. ಇದರಲ್ಲಿ ಎಲ್ಲ ಮೆತ್ತಗಿನ ಮಾತೇ.

ಹೂಳುವ ದೃಶ್ಯದಲ್ಲಿ ಪರದೆ ಪೂರ್ತಿ ಕಪ್ಪಾಗುತ್ತದೆ. ಸದ್ದು ಮಾತ್ರ. ನಮ್ಮಲ್ಲಿ ಅದೇ ಹೊತ್ತಿಗೆ ಮಾವ ‘ಕರೆಂಟ್ ಹೋಯಿತು’ ಅಂತ ಎದ್ದು, ದೀಪ ಹುಡುಕಲು ಹೊರಟರು. ಇನ್ನೊಬ್ಬರು ಮೊಬೈಲ್ ಟಾರ್ಚ್ ಹಾಕಿದರು. ಆ ದೃಶ್ಯ ಅಲ್ಲಿಗೇ ಹೋಯಿತು. ಕಪ್ಪಾಗುತ್ತದೆ, ಕರೆಂಟ್ ಇದೆ, ಯಾರೂ ಏಳಬೇಡಿ ಅಂತ ಮೊದಲೇ ಹೇಳಿಬಿಡಿ. ಆ ಕತ್ತಲೆಯಲ್ಲಿ ಮಣ್ಣು ಬೀಳುವ ಸದ್ದು ದೂರವಾಗುತ್ತಾ ಹೋಗುವುದನ್ನು ಕೇಳಬೇಕು. ಸ್ಪೀಕರ್ ಪರದೆಯ ಪಕ್ಕದಲ್ಲಿರಲಿ, ಕೆಳಗೆ ಬೇಡ. ಅವಳು ಮಣ್ಣು ಸೀಳಿ ಮೇಲೆ ಬರುವಾಗ ಕೇಳುವುದು ಎನ್ನಿಯೋ ಮೊರಿಕೋನೆ ಅವರ ಹಳೆಯ ಸಂಗೀತ, ಅದಕ್ಕೆ ವಾಲ್ಯೂಮ್ ಜಾಸ್ತಿ ಮಾಡಿದರೂ ತಪ್ಪಿಲ್ಲ. ಈ ಭಾಗಕ್ಕೆ ಸಂಗೀತ ಕೊಟ್ಟವರಲ್ಲಿ ರಾಬರ್ಟ್ ರೊಡ್ರಿಗೆಜ್ ಕೂಡ ಒಬ್ಬರು. ಅವರು ಟರಾಂಟಿನೊ ಹತ್ತಿರ ತೆಗೆದುಕೊಂಡ ಸಂಬಳ ಒಂದು ಡಾಲರ್.

ಇನ್ನೂ ಒಂದು. ಮಗಳು ಬದುಕಿದ್ದಾಳೆ ಅನ್ನುವುದನ್ನು ಮೊದಲ ಭಾಗದ ಕೊನೆಯ ಸಾಲಿನಲ್ಲೇ ಬಿಲ್ ಬಾಯಿಂದ ಹೇಳಿಸಿಬಿಟ್ಟಿದ್ದಾರೆ. ಹಾಗಾಗಿ ಅವಳಿಗೆ ಗೊತ್ತಿಲ್ಲ, ನಮಗೆ ಗೊತ್ತು. ಇದು ಮೂಲದಲ್ಲಿ ಒಂದೇ ಸಿನಿಮಾ. ಉದ್ದವಾಯಿತು ಅಂತ ಎರಡು ಮಾಡಿ, 2003ರ ಅಕ್ಟೋಬರ್‌ನಲ್ಲಿ ಒಂದು, 2004ರ ಏಪ್ರಿಲ್‌ನಲ್ಲಿ ಇನ್ನೊಂದು ಬಿಡುಗಡೆ ಮಾಡಿದರು. 2025ರ ಡಿಸೆಂಬರ್‌ನಲ್ಲಿ ಅಮೆರಿಕದ ಥಿಯೇಟರ್‌ಗಳಲ್ಲಿ ಎರಡನ್ನೂ ಸೇರಿಸಿದ ರೂಪ ಬಂತು. ಅದರಲ್ಲಿ ಆ ಸಾಲು ಇಲ್ಲ. ಅಂದರೆ ಅವಳಿಗೆ ತಿಳಿಯುವಾಗಲೇ ನೋಡುವವರಿಗೂ ತಿಳಿಯುತ್ತದೆ. ನನಗೆ ಹಾಗೇ ಮೊದಲ ಸಲ ನೋಡುವ ಆಸೆ ಇತ್ತು. ನಿಮ್ಮ ಗುಂಪಿನಲ್ಲಿ ಹೋದ ತಿಂಗಳು ಆ ಸಾಲು ಯಾರಾದರೂ ಗಮನಿಸದೆ ಬಿಟ್ಟಿದ್ದರೆ ನೆನಪಿಸಬೇಡಿ.

ಕೇಳಿದವರು, ಹದಿನೈದು ದಿನದ ನಂತರ

ಹಾಕಿದೆ. ಹೇಗಾಯಿತು ಅಂತ ಹೇಳದೆ ಇರುವುದು ಸರಿಯಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ಮಳೆ ಬಿಟ್ಟ ರಾತ್ರಿ ನೋಡಿ ಹಾಕಿದೆ. ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿದೆವು. ಹನ್ನೊಂದು ಜನ ಕೂತರು. ‘ಇದು ತಾಳಮದ್ದಲೆ’ ಅಂತ ಹೇಳಿಯೇ ಶುರು ಮಾಡಿದೆ, ಅಧ್ಯಾಯಕ್ಕೊಮ್ಮೆ ನಿಲ್ಲಿಸಿ ನಾಲ್ಕು ಮಾತು ಹೇಳಿದೆ. ಇಬ್ಬರು ಹುಡುಗರು ಬಡ್‌ನ ಅಧ್ಯಾಯದಲ್ಲಿ ಎದ್ದು ಹೋದರು. ಹಾವಿನ ಹೊತ್ತಿಗೆ ವಾಪಸ್ ಬಂದರು. ಉಳಿದವರು ಏಳಲಿಲ್ಲ. ಪರದೆ ಕಪ್ಪಾದಾಗ ಯಾರೂ ಉಸಿರೆತ್ತಲಿಲ್ಲ, ತೀರ್ಥಹಳ್ಳಿಯವರಿಗೆ ಅದಕ್ಕೆ ವಿಶೇಷ ಧನ್ಯವಾದ.

ಗುರುವಿನ ಅಧ್ಯಾಯದಲ್ಲಿ ಗಲಾಟೆಯಾಯಿತು. ಗೆಣ್ಣು ಒಡೆದ ಕೈಯಲ್ಲಿ ಕಡ್ಡಿ ಹಿಡಿಯಲಾಗದೆ ಅವಳು ಅನ್ನವನ್ನು ಕೈಯಲ್ಲಿ ತಿನ್ನಲು ಹೋಗುತ್ತಾಳೆ. ನಾಯಿ ಹಾಗೆ ತಿನ್ನಬೇಡ ಅಂತ ಗುರು ಬೈಯುತ್ತಾನೆ. ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಮ್ಮ ‘ಕೈಯಲ್ಲಿ ಉಂಡರೆ ನಾಯಿಯಾ? ಅವನಿಗೆ ಅನ್ನ ಹಾಕಿದ ತಾಯಿ ಯಾರು’ ಅಂತ ಶುರು ಮಾಡಿದರು. ಐದು ನಿಮಿಷ ಸಿನಿಮಾ ನಿಲ್ಲಿಸಬೇಕಾಯಿತು. ಆ ಗುರು ಆಮೇಲೆ ವಿಷದ ಮೀನು ತಿಂದು ಸತ್ತ ಅಂತ ಗೊತ್ತಾದಾಗಲೂ ಅಮ್ಮನಿಗೆ ಬೇಸರ ಆಗಲಿಲ್ಲ.

ಕೊಪ್ಪದವರು ಹೇಳಿದಂತೆ ಮುಗಿದ ಮೇಲೆ ಹೆಂಗಸರನ್ನು ಮೊದಲು ಕೇಳಿದೆ. ಬಿಲ್ ಬಿದ್ದಾಗ ಅಕ್ಕಂದಿರಲ್ಲಿ ಯಾರೂ ಪಾಪ ಅನ್ನಲಿಲ್ಲ. ಒಬ್ಬರು, ‘ಅವನು ಅಷ್ಟೆಲ್ಲ ಮಾತಾಡಿದ್ದು ತಾನು ಮಾಡಿದ್ದನ್ನು ಹೇಳಲು ಬಾಯಿ ಬರದೆ’ ಅಂದರು. ಇನ್ನೊಬ್ಬರಿಗೆ ಬಚ್ಚಲುಮನೆ ನೆಲದಲ್ಲಿ ಬಿದ್ದು ಅವಳು ಅಳುವುದೂ ನಗುವುದೂ ಮಾಡುವ ದೃಶ್ಯ ಹಿಡಿಸಿತು. ಹೊರಗೆ ಮಗಳು ಟಿವಿಯಲ್ಲಿ ಕಾರ್ಟೂನು ನೋಡುತ್ತಿರುತ್ತಾಳಲ್ಲ, ಆಗ. ‘ಮಕ್ಕಳಿಗೆ ಕೇಳದ ಹಾಗೆ ಅಳುವುದು ಅಲ್ಲೇ’ ಅಂದರು. ನಾನು ಆ ದೃಶ್ಯವನ್ನು ಎರಡು ಸಲ ನೋಡಿದ್ದೆ, ಬಚ್ಚಲು ಯಾಕೆ ಅಂತ ಯೋಚಿಸಿರಲಿಲ್ಲ.

ಕಣ್ಣು ಕಳೆದುಕೊಂಡ ಎಲ್ ಆ ಹಾವಿನ ಜೊತೆ ಟ್ರೇಲರ್‌ನಲ್ಲಿ ಏನಾದಳು ಅಂತ ಹುಡುಗರ ಚರ್ಚೆ ಹನ್ನೆರಡು ಗಂಟೆಯವರೆಗೂ ನಡೆಯಿತು. ತಮ್ಮನಿಗೆ ಫೋನ್ ಮಾಡಿ ಹೇಳಿದೆ. ದೀಪಾವಳಿಗೆ ಬಂದಾಗ ಪೂರ್ತಿ ನೋಡುತ್ತೇನೆ ಅಂದಿದ್ದಾನೆ.

ಭದ್ರಾವತಿ ಅಕ್ಕ, ನಿಮಗೊಂದು ಮಾತು. ನೀವು ನಿಕ್ಕಿಯ ಬಗ್ಗೆ ಬರೆದಿದ್ದನ್ನು ಮರುದಿನ ಬೆಳಿಗ್ಗೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಆ ಮಗು ತನಗೆ ಸರಿಯಾಗಿ ನೆನಪೇ ಇಲ್ಲ ಅಂದರು. ಮುಂದಿನ ತಿಂಗಳು ಬೇರೆ ಸಿನಿಮಾ ಬೇಡವಂತೆ. ಮೊದಲ ಭಾಗವನ್ನೇ ಇನ್ನೊಮ್ಮೆ ಹಾಕಬೇಕಂತೆ, ಬಾಗಿಲಲ್ಲಿ ನಿಂತ ಆ ಹುಡುಗಿಯ ಮುಖ ನೋಡಬೇಕಂತೆ.